ಸೇರು ಎಂದರೆ ಎಷ್ಟು? ಅಡುಗೆಮನೆಯ ಅಳತೆ ಮತ್ತು ತೂಕದ ಲೆಕ್ಕ

ಹೋದ ವರ್ಷ ನಮ್ಮ ಮನೆಯಲ್ಲಿ ಐನೂರು ಅಪ್ಪೆಮಿಡಿ ಹಾಳಾಯಿತು. ಹಳ್ಳದ ದಂಡೆಯ ಹಳೆಯ ಮರದಿಂದ ತೊಟ್ಟು ಮುರಿಯದಂತೆ ಇಳಿಸಿದ ಮಿಡಿ. ಅಜ್ಜಿಯ ಕೈಬರಹದ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಉಪ್ಪಿಗೆ ಹಾಕಿದ್ದೆವು. ಆದರೂ ಮಳೆ ಹಿಡಿಯುವ ಹೊತ್ತಿಗೆ ಭರಣಿಯ ಬಾಯಲ್ಲಿ ಬಿಳಿ ಬೂಷ್ಟು ಕಟ್ಟಿತು. ಮಿಡಿ ಮೆತ್ತಗಾಗಿ ವಾಸನೆ ಹೊಡೆಯಿತು. ಕೊನೆಗೆ ಇಡೀ ಭರಣಿಯನ್ನು ಹೊತ್ತುಕೊಂಡು ಹೋಗಿ ಹೊಂಡಕ್ಕೆ ಸುರಿದು ಬಂದೆವು.

ಮರದ ದೋಷವೇ, ಭರಣಿ ಒಣಗಿರಲಿಲ್ಲವೇ, ಯಾರಾದರೂ ಒದ್ದೆ ಕೈ ಹಾಕಿದರೇ ಎಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ತಪ್ಪು ಇದ್ದದ್ದು ಬೇರೆ ಕಡೆ. ಅಜ್ಜಿಯ ಪುಸ್ತಕದಲ್ಲಿ ಇದ್ದ ಮಾತು ಇಷ್ಟೇ: ಮಿಡಿ ಐನೂರು, ಉಪ್ಪು ಎರಡು ಸೇರು. ಮನೆಯ ಹಿರಿಯರೊಬ್ಬರು, ಸೇರು ಎಂದರೆ 24 ತೊಲ, ಈಗಿನ ಲೆಕ್ಕದಲ್ಲಿ 280 ಗ್ರಾಂ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅದರಂತೆ 560 ಗ್ರಾಂ ಉಪ್ಪು ತೂಗಿ ಹಾಕಿದೆವು. ಆರು ಕಿಲೋ ಮೇಲೆ ತೂಗಿದ ಮಿಡಿಗೆ ಅದು ಯಾವ ಮೂಲೆಗೂ ಸಾಲದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಅಟ್ಟದ ಮೇಲಿದ್ದ ಅಜ್ಜಿಯ ಹಿತ್ತಾಳೆ ಸೇರನ್ನು ಕೆಳಗಿಳಿಸಿ, ತೊಳೆದು, ಅದರ ತುಂಬ ಕಲ್ಲುಪ್ಪು ತುಂಬಿ ತಕ್ಕಡಿಯ ಮೇಲಿಟ್ಟೆವು. ಪಾತ್ರೆಯ ತೂಕ ಕಳೆದರೆ ಉಪ್ಪು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ಬಂತು. ಅಂದರೆ ಅಜ್ಜಿ ಹೇಳಿದ ಎರಡು ಸೇರು ಎರಡು ಕಿಲೋ ಆಸುಪಾಸು. ನಾವು ಹಾಕಿದ್ದು ಅದರ ಕಾಲು ಭಾಗಕ್ಕಿಂತ ತುಸು ಹೆಚ್ಚು. ಐನೂರು ಮಿಡಿ ಹೋದದ್ದು ಹೀಗೆ.

ಇಂಥ ನಷ್ಟ ನಮ್ಮೊಬ್ಬರದೇ ಅಲ್ಲವೆಂದು ಸದಸ್ಯರೊಡನೆ ಮಾತಾಡುವಾಗ ತಿಳಿಯಿತು. ಆದ್ದರಿಂದ ಈ ಸಲ ತೋಟದಿಂದ ಅಡುಗೆಮನೆಗೆ ಬಂದು ಅಳತೆ, ತೂಕಗಳ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಒಂದೇ ಹೆಸರು, ಮೂರು ಸೇರು

ನಮ್ಮ ಹಿರಿಯರ ಕಾಲದಲ್ಲಿ ಸೇರು ಎಂಬ ಹೆಸರು ಒಂದೇ ಆದರೂ ವಸ್ತು ಒಂದೇ ಆಗಿರಲಿಲ್ಲ. ತೂಕದ ಸೇರಿನಲ್ಲಿಯೇ ಎರಡು ಬಗೆ. ಕಚ್ಚಾ ಸೇರು 24 ತೊಲ. ಪಕ್ಕಾ ಸೇರು 80 ತೊಲ. ತೊಲ ಎಂದರೆ ಹಳೆಯ ಬೆಳ್ಳಿ ರೂಪಾಯಿಯ ತೂಕ, 11.66 ಗ್ರಾಂ. ಆದುದರಿಂದ ಕಚ್ಚಾ ಸೇರು ಸುಮಾರು 280 ಗ್ರಾಂ, ಪಕ್ಕಾ ಸೇರು ಸುಮಾರು 933 ಗ್ರಾಂ. ಇಂಥ 40 ಸೇರು ಸೇರಿದರೆ ಒಂದು ಮಣ. ಕಚ್ಚಾ ಮಣ 11.2 ಕಿಲೋ ಆದರೆ ಪಕ್ಕಾ ಮಣ 37.3 ಕಿಲೋ. ಮೂರು ಪಟ್ಟಿಗೂ ಮಿಕ್ಕಿದ ಅಂತರ.

ಮೂರನೆಯದು ಅಳತೆಯ ಸೇರು. ಇದು ತೂಕವೇ ಅಲ್ಲ, ಪಾತ್ರೆ. ನಾಲ್ಕು ಪಾವು ಕೂಡಿದರೆ ಒಂದು ಸೇರು. ಪಾವಿನ ಕೆಳಗೆ ಅರೆಪಾವು, ಚಟಾಕು. ಸೇರಿನ ಮೇಲೆ ಬಳ್ಳ, ಕೊಳಗ. 20 ಕೊಳಗಕ್ಕೆ ಒಂದು ಖಂಡುಗ. ಕರಾವಳಿಯ ಕಡೆ ಕುಡ್ತೆ, ಮುಡಿ. ಶಿರಸಿ ಸೀಮೆಯಲ್ಲಿ ಸಿದ್ದೆ. ಕೊಡಗಿನಲ್ಲಿ ಭತ್ತಕ್ಕೆ ಬಟ್ಟಿ. ಹೆಸರು ಒಂದೇ ಇದ್ದರೂ ಘಟ್ಟದ ಮೇಲಿನ ಸೇರಿಗೂ ಕೆಳಗಿನ ಸೇರಿಗೂ ವ್ಯತ್ಯಾಸವಿತ್ತು. ಕೆಲವು ಊರಲ್ಲಿ ಕೋಲೆಳೆದು ಸಮ ಮಾಡಿ ಅಳೆದರೆ ಕೆಲವು ಊರಲ್ಲಿ ತಲೆಗೂಡಿಸಿ ಗೋಪುರ ಮಾಡಿ ಅಳೆಯುತ್ತಿದ್ದರು. ಕಣದಲ್ಲಿ ಒಂದು ಎನ್ನುವ ಬದಲು ‘ಲಾಭ’ ಎಂದು ಎಣಿಕೆ ಶುರುಮಾಡುವ ರೂಢಿ ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಹಾಗಾದರೆ ಪುಸ್ತಕದಲ್ಲಿ ಬರೀ ಸೇರು ಎಂದಿದ್ದರೆ ಯಾವ ಸೇರು ಎಂದು ತಿಳಿಯುವುದು ಹೇಗೆ? ಹಿರಿಯರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬೆಲ್ಲ, ಬೆಣ್ಣೆ, ಹುಣಿಸೆಹಣ್ಣು ತೂಗುವ ಪದಾರ್ಥ. ಅಕ್ಕಿ, ಬೇಳೆ, ರಾಗಿ, ಉಪ್ಪು ಅಳೆಯುವ ಪದಾರ್ಥ. ಬೆಲ್ಲಕ್ಕೆ ಸೇರು ಎಂದರೆ ತಕ್ಕಡಿಯ ಸೇರು, ಉಪ್ಪಿಗೆ ಸೇರು ಎಂದರೆ ಹಿತ್ತಾಳೆಯ ಸೇರು. ಅಜ್ಜಿಗೆ ಅದು ಗೊತ್ತಿತ್ತು, ಬರೆದಿಡಬೇಕೆಂದು ತೋಚಲಿಲ್ಲ. ಹಳೆಯ ಪುಸ್ತಕ ಓದುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಈ ಪದಾರ್ಥವನ್ನು ಆ ಕಾಲದಲ್ಲಿ ನಮ್ಮ ಮನೆಯಲ್ಲಿ ತೂಗುತ್ತಿದ್ದರೋ, ಅಳೆಯುತ್ತಿದ್ದರೋ?

1956ರಲ್ಲಿ ಕೇಂದ್ರ ಸರ್ಕಾರ ತೂಕ ಮತ್ತು ಅಳತೆಗಳ ಕಾಯಿದೆ ತಂದು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋಗ್ರಾಂ ಪದ್ಧತಿಯನ್ನು ಜಾರಿಗೆ ಕೊಟ್ಟಿತು. ಅಂಗಡಿ, ಮಂಡಿಗಳಲ್ಲಿ ಸೇರು, ಮಣ ಹೋದವು. ಗೊಂದಲ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಅಡುಗೆಮನೆಯ ಡಬ್ಬದೊಳಗಿನ ಪಾವನ್ನು ಯಾವ ಕಾಯಿದೆಯೂ ಹೊರಗೆ ತೆಗೆಯಲಿಲ್ಲ. ಹೀಗಾಗಿ ಇಂದಿಗೂ ನಾವು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಬೇಯಿಸುವುದು ಪಾವಿನ ಲೆಕ್ಕದಲ್ಲಿ. ನಡುವೆ ಸೇತುವೆ ಇಲ್ಲ.

ತೋಟದಲ್ಲಿ ನಮಗೆ ಗೊತ್ತಿರುವುದೇ

ಅಳತೆ ಬೇರೆ, ತೂಕ ಬೇರೆ ಎಂಬುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮೆಣಸು ಮಾರುವಾಗ ವ್ಯಾಪಾರಿ ಮೊದಲು ಕೇಳುವುದು ಲೀಟರ್ ತೂಕ. ಒಂದು ಲೀಟರ್ ಪಾತ್ರೆಯಲ್ಲಿ 550 ಗ್ರಾಂ ತೂಗುವ ಮೆಣಸು ಗಟ್ಟಿ ಮಾಲು, ಅದಕ್ಕಿಂತ ಬಹಳ ಕೆಳಗೆ ಬಂದರೆ ಜೊಳ್ಳು ಕಾಳು ಹೆಚ್ಚು ಎಂದು ಅರ್ಥ. ಪಾತ್ರೆ ಅದೇ, ತುಂಬಿದ್ದೂ ಅಷ್ಟೇ, ತೂಕ ಮಾತ್ರ ಬೇರೆ.

ಕಾಫಿ ಒಣಗಿಸುವಾಗಲೂ ಹೀಗೆಯೇ. 40 ಲೀಟರಿನ ಅಳತೆ ಡಬ್ಬವನ್ನು ಕಣದ ಕಾಫಿಯಿಂದ ತುಂಬಿ ದಿನವೂ ತೂಗುತ್ತೇವೆ. ಇವತ್ತಿನ ತೂಕ ನಿನ್ನೆಗಿಂತ ಇಳಿದಿದ್ದರೆ ಇನ್ನೂ ನೀರು ಹೋಗುತ್ತಿದೆ, ತೂಕ ನಿಂತರೆ ಒಣಗಿದೆ.

ಇನ್ನು ಮನೆಯಲ್ಲಿ ಕಾಫಿಬೀಜ ಹುರಿಯುವವರು ಬಾಣಲೆಯಲ್ಲಿಯೇ ಇದನ್ನು ಕಾಣಬಹುದು. ಒಂದು ಪಾವು ಬೀಜ ಹಾಕಿ ಹುರಿದರೆ ಒಂದೂವರೆ ಪಾವು ಇಳಿಯುತ್ತದೆ. ಹೆಚ್ಚಾಯಿತೆಂದು ಹಿಗ್ಗಬೇಕಾಗಿಲ್ಲ. ತೂಗಿ ನೋಡಿದರೆ ನೂರು ಗ್ರಾಮಿಗೆ 15ರಿಂದ 20 ಗ್ರಾಂ ಕಡಿಮೆಯೇ ಆಗಿರುತ್ತದೆ. ಬೀಜ ಉಬ್ಬಿತು, ನೀರು ಹಾರಿತು. ಕಡು ಹುರಿದ ಪುಡಿ ಹಗುರ, ತಿಳಿ ಹುರಿದದ್ದು ಭಾರ. ಚಮಚದ ಲೆಕ್ಕದಲ್ಲಿ ಡಿಕಾಕ್ಷನ್ ಹಾಕುವವರಿಗೆ ಒಂದು ಸಲ ಗಟ್ಟಿ, ಇನ್ನೊಂದು ಸಲ ತೆಳು ಆಗುವುದಕ್ಕೆ ಇದೂ ಒಂದು ಕಾರಣ.

ತೋಟದಲ್ಲಿ ಇಷ್ಟು ಎಚ್ಚರದಿಂದ ಇರುವ ನಾವು ಅಡುಗೆಮನೆಗೆ ಬಂದೊಡನೆ ಒಂದು ಸೇರೆಂದರೆ ಒಂದು ಕಿಲೋ ಎಂದುಬಿಡುತ್ತೇವೆ. ಮದುವೆಗೆ ಅಡುಗೆಯವರು ಅವಲಕ್ಕಿ ಹತ್ತು ಸೇರು ಎಂದು ಬರೆದುಕೊಟ್ಟ ಚೀಟಿ ನೋಡಿ ಹತ್ತು ಕಿಲೋ ತಂದವರು, ಮದುವೆ ಮುಗಿದು ತಿಂಗಳಾದರೂ ಅವಲಕ್ಕಿಯನ್ನೇ ತಿನ್ನುತ್ತಿದ್ದರು ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು.

ನಿಮ್ಮ ಮನೆಯ ಪಾವನ್ನು ತೂಗುವ ಕ್ರಮ

ಪಾವು, ಸೇರುಗಳ ಗಾತ್ರ ಮನೆಯಿಂದ ಮನೆಗೆ ಬೇರೆ ಇರುವುದರಿಂದ, ಯಾರೋ ಅಚ್ಚುಹಾಕಿದ ಪಟ್ಟಿಯನ್ನು ನಂಬುವುದಕ್ಕಿಂತ ನಿಮ್ಮ ಪಾತ್ರೆಯನ್ನು ನೀವೇ ಅಳೆದುಕೊಳ್ಳುವುದು ಮೇಲು. ಅರ್ಧ ಗಂಟೆಯ ಕೆಲಸ. ಬೇಕಾದದ್ದು ಒಂದು ಸರಿಯಾದ ತಕ್ಕಡಿ ಮತ್ತು ನೀರು.

ಮೊದಲು ಖಾಲಿ ಪಾವನ್ನು ತೂಗಿ ಬರೆದುಕೊಳ್ಳಿ. ನಂತರ ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ಎರಡರ ವ್ಯತ್ಯಾಸವೇ ನಿಮ್ಮ ಪಾವಿನ ಗಾತ್ರ. ಏಕೆಂದರೆ ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. ನಮ್ಮ ಅಜ್ಜಿಯ ಸೇರಿಗೆ ನೀರು 1,060 ಗ್ರಾಂ ಹಿಡಿಯಿತು. ಆದ್ದರಿಂದ ಆ ಸೇರು 1,060 ಮಿಲಿಲೀಟರ್, ಅದರ ಪಾವು 265 ಮಿಲಿಲೀಟರ್. ನಿಮ್ಮದು ಬೇರೆ ಬರಬಹುದು, ಬರಲಿ.

ಬಳಿಕ ಪಾತ್ರೆಯನ್ನು ಚೆನ್ನಾಗಿ ಒಣಗಿಸಿ, ಮನೆಯಲ್ಲಿ ನಿತ್ಯ ಬಳಸುವ ಒಂದೊಂದೇ ಪದಾರ್ಥ ತುಂಬಿ, ಕುಕ್ಕದೆ, ಒತ್ತದೆ, ಕೋಲೆಳೆದು ತೂಗಿ. ಪ್ರತಿಯೊಂದನ್ನೂ ಎರಡು ಸಲ ತೂಗಿ ನಡುವಿನ ಅಂಕಿ ತೆಗೆದುಕೊಳ್ಳಿ. ಇದನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದರೆ ಮನೆಗೆ ಬರುವ ಸೊಸೆಗೂ ಸರಿ, ಅಡುಗೆಗೆ ನಿಲ್ಲುವ ಮಗನಿಗೂ ಸರಿ.

ತಕ್ಕಡಿಯ ಮೇಲೆ ಅನುಮಾನವಿದ್ದರೆ, ಮಿಲಿಲೀಟರ್ ಗುರುತಿರುವ ಪಾತ್ರೆಯಲ್ಲಿ ಒಂದು ಲೀಟರ್ ನೀರು ಹಿಡಿದು ತೂಗಿ ಪರೀಕ್ಷಿಸಬಹುದು. ಮಾರಾಟಕ್ಕೆ ಬಳಸುವ ತಕ್ಕಡಿ, ಬಟ್ಟುಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕೆಂಬುದನ್ನೂ ಸದಸ್ಯರು ಮರೆಯಬಾರದು.

ಒಂದು ಲೀಟರ್ ಎಷ್ಟು ತೂಗುತ್ತದೆ?

ನೀವು ತೂಗಿದ್ದು ಸರಿಯೇ ಎಂದು ಹೋಲಿಸಿಕೊಳ್ಳಲು ಸುಮಾರು ಅಂಕಿಗಳನ್ನು ಕೊಟ್ಟಿದ್ದೇವೆ. ಎಲ್ಲವೂ ಒಂದು ಲೀಟರ್ ಪಾತ್ರೆಯನ್ನು ಕೋಲೆಳೆದು ಅಳೆದಾಗ ಬರುವ ತೂಕ.

ನೀರು – 1,000 ಗ್ರಾಂ
ಹಾಲು – 1,030 ಗ್ರಾಂ
ತೆಂಗಿನೆಣ್ಣೆ – 920 ಗ್ರಾಂ
ಜೇನುತುಪ್ಪ – 1,400 ಗ್ರಾಂ
ಪುಡಿ ಉಪ್ಪು – 1,200 ಗ್ರಾಂ
ಸಕ್ಕರೆ – 850 ಗ್ರಾಂ
ಅಕ್ಕಿ – 800ರಿಂದ 850 ಗ್ರಾಂ
ತೊಗರಿಬೇಳೆ – 800ರಿಂದ 850 ಗ್ರಾಂ
ಸಣ್ಣ ರವೆ – 700 ಗ್ರಾಂ
ಅಕ್ಕಿಹಿಟ್ಟು – 600ರಿಂದ 650 ಗ್ರಾಂ
ಗೋಧಿಹಿಟ್ಟು – 500ರಿಂದ 600 ಗ್ರಾಂ
ಕಾಫಿಪುಡಿ – 300ರಿಂದ 400 ಗ್ರಾಂ
ಮಂಡಕ್ಕಿ – 100 ಗ್ರಾಮಿನ ಒಳಗೆ

ಪಾವಿನ ತೂಕ ಬೇಕಾದರೆ, ನಿಮ್ಮ ಪಾವು ಹಿಡಿಯುವ ಮಿಲಿಲೀಟರನ್ನು ಈ ಅಂಕಿಯಿಂದ ಗುಣಿಸಿ ಸಾವಿರದಿಂದ ಭಾಗಿಸಿ. ಉದಾಹರಣೆಗೆ ನಮ್ಮ 265ರ ಪಾವಿನಲ್ಲಿ ಸಕ್ಕರೆ: 265ನ್ನು 850ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 225 ಗ್ರಾಂ. ಮೂರು ಪಾವು ಸಕ್ಕರೆ ಬೇಕೆಂದರೆ ಅಂಗಡಿಯಿಂದ 675 ಗ್ರಾಂ ತಂದರೆ ಸಾಕು.

ಪಟ್ಟಿಯಲ್ಲಿ ಕಲ್ಲುಪ್ಪನ್ನು ಬೇಕೆಂದೇ ಬಿಟ್ಟಿದ್ದೇವೆ. ಹರಳು ದಪ್ಪವೋ ಸಣ್ಣವೋ, ಒಣಗಿದೆಯೋ ತೇವವೋ ಎಂಬುದರ ಮೇಲೆ ಅದರ ತೂಕ ಬಹಳ ಬದಲಾಗುತ್ತದೆ. ನಮ್ಮ ಸೇರಿನಲ್ಲಿ ಕಲ್ಲುಪ್ಪು ಒಂದು ಕಿಲೋ ಚಿಲ್ಲರೆ ತೂಗಿದರೆ ಪುಡಿ ಉಪ್ಪು 1,270 ಗ್ರಾಂ ತೂಗಿತು. ಹರಳುಗಳ ನಡುವೆ ಗಾಳಿ ನಿಲ್ಲುತ್ತದೆ, ಪುಡಿ ಒತ್ತಾಗಿ ಕೂರುತ್ತದೆ. ಅಜ್ಜಿಯ ಎರಡು ಸೇರನ್ನು ಈಗಿನ ಪುಡಿ ಉಪ್ಪಿನಲ್ಲಿ ಅಳೆದು ಹಾಕಿದ್ದರೆ ಎರಡೂವರೆ ಕಿಲೋ ಬಿದ್ದು ಉಪ್ಪಿನಕಾಯಿ ಬಾಯಿಗಿಡಲಾರದಂತೆ ಆಗುತ್ತಿತ್ತು. ಒಂದೇ ಮಾತನ್ನು ಒಂದು ರೀತಿ ಓದಿದರೆ ಬೂಷ್ಟು, ಇನ್ನೊಂದು ರೀತಿ ಓದಿದರೆ ಬರೀ ಉಪ್ಪು!

ಎಲ್ಲಿ ಪಾವು ಸಾಕು, ಎಲ್ಲಿ ತಕ್ಕಡಿ ಬೇಕು

ಇಷ್ಟು ಹೇಳಿದೆವೆಂದು ದಿನವೂ ಅನ್ನಕ್ಕೆ ಅಕ್ಕಿ ತೂಗಬೇಕೆಂದು ಯಾರೂ ತಿಳಿಯಬೇಕಾಗಿಲ್ಲ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು, ಒಂದು ಪಾವು ಉದ್ದಿನಬೇಳೆಗೆ ಮೂರು ಪಾವು ಅಕ್ಕಿ ಎಂಬಂಥ ಲೆಕ್ಕದಲ್ಲಿ ಪಾವು ಎಷ್ಟು ದೊಡ್ಡದೆಂಬುದು ಮುಖ್ಯವೇ ಅಲ್ಲ. ಎಲ್ಲಕ್ಕೂ ಅದೇ ಪಾವನ್ನು ಹಿಡಿದರೆ ಆಯಿತು. ಇಲ್ಲಿ ಹಿರಿಯರ ಪದ್ಧತಿಗಿಂತ ಸುಲಭವಾದದ್ದು ಇನ್ನೊಂದಿಲ್ಲ.

ತಕ್ಕಡಿ ಬೇಕಾಗುವುದು ನಾಲ್ಕು ಸಂದರ್ಭಗಳಲ್ಲಿ. ಒಂದು, ಕೆಡದಂತೆ ಇಡುವ ಪದಾರ್ಥಗಳಿಗೆ ಉಪ್ಪು ಅಥವಾ ಸಕ್ಕರೆ ಹಾಕುವಾಗ. ಉಪ್ಪಿನಕಾಯಿ, ಹಣ್ಣಿನ ಪಾಕ ಮುಂತಾದವುಗಳಲ್ಲಿ ಉಪ್ಪು, ಸಕ್ಕರೆ ಇರುವುದು ರುಚಿಗೆ ಮಾತ್ರವಲ್ಲ, ಕಾಯುವುದಕ್ಕೆ. ಕಡಿಮೆಯಾದರೆ ಇಡೀ ವರ್ಷದ ಶ್ರಮ ಹಾಳು. ಎರಡು, ಹಿಟ್ಟಿನ ಪದಾರ್ಥಗಳಲ್ಲಿ. ಜರಡಿ ಹಿಡಿದ ಹಿಟ್ಟಿಗೂ ಡಬ್ಬದಲ್ಲಿ ಕುಕ್ಕಿ ತುಂಬಿದ ಹಿಟ್ಟಿಗೂ ಒಂದೇ ಪಾವಿನಲ್ಲಿ ನೂರಕ್ಕೆ 20–25ರಷ್ಟು ವ್ಯತ್ಯಾಸ ಬರುವುದುಂಟು. ಮೂರು, ಮನೆಯ ಲೆಕ್ಕವನ್ನು ನೂರು ಜನರ ಊಟಕ್ಕೆ ಏರಿಸುವಾಗ. ನಾಲ್ಕು ಜನಕ್ಕೆ ಅರೆ ಚಟಾಕು ಹೆಚ್ಚುಕಡಿಮೆಯಾದರೆ ಗೊತ್ತಾಗದು. ಇಪ್ಪತ್ತೈದು ಪಟ್ಟು ಮಾಡಿದಾಗ ತಪ್ಪೂ ಇಪ್ಪತ್ತೈದು ಪಟ್ಟಾಗುತ್ತದೆ. ನಾಲ್ಕು, ಕೊಳ್ಳುವಾಗ ಮತ್ತು ಮಾರುವಾಗ.

ಮಾರುವ ಮಾತಿಗೆ ಜೇನನ್ನೇ ತೆಗೆದುಕೊಳ್ಳಿ. ನಮ್ಮ ಸದಸ್ಯರಲ್ಲಿ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರಿದ್ದಾರೆ. ಮನೆಬಾಗಿಲಿಗೆ ಬಂದವರಿಗೆ ಬಾಟಲಿ ಲೆಕ್ಕದಲ್ಲಿ ಕೊಡುವುದು ರೂಢಿ. 750 ಮಿಲಿಲೀಟರ್ ಬಾಟಲಿ ಮುಕ್ಕಾಲು ಲೀಟರ್ ತಾನೆ ಎಂದು ಮುಕ್ಕಾಲು ಕಿಲೋ ಜೇನಿನ ದರ ತೆಗೆದುಕೊಂಡರೆ ನಷ್ಟ. ಅದರಲ್ಲಿ ಇರುವುದು ಸುಮಾರು 1,050 ಗ್ರಾಂ ಜೇನು, ಒಂದು ಕಿಲೋಗೂ ಹೆಚ್ಚು. ಒಂದು ಬಾಟಲಿಗೆ 300 ಗ್ರಾಂ ಜೇನನ್ನು ಪುಕ್ಕಟೆ ಕೊಟ್ಟಂತೆ ಆಯಿತು. ಎಣ್ಣೆಯದು ಇದಕ್ಕೆ ತಿರುಗಾಮುರುಗಾ. ಲೀಟರ್ ಎಣ್ಣೆ ಕಿಲೋ ತೂಗುವುದಿಲ್ಲ. ಒಂದು ಕಡೆ ಲೀಟರ್ ದರ, ಇನ್ನೊಂದು ಕಡೆ ಕಿಲೋ ದರ ಹೇಳಿದರೆ ಎರಡನ್ನೂ ಒಂದೇ ಲೆಕ್ಕಕ್ಕೆ ತಂದು ನೋಡಿಯೇ ಕೊಳ್ಳಬೇಕು.

ಪಟ್ಟಣದಿಂದ ಬಂದ ಕಪ್ಪು

ಈಗ ಮಕ್ಕಳು ಕೇಕು, ಬಿಸ್ಕತ್ತು ಮಾಡಲು ಹೊರಟಾಗ ಕಪ್ಪಿನ ಲೆಕ್ಕ ಹೇಳುತ್ತಾರೆ. ಇದು ಚಹಾ ಕುಡಿಯುವ ಕಪ್ಪಲ್ಲ. ಅಮೆರಿಕದಲ್ಲಿ ಫ್ಯಾನಿ ಫಾರ್ಮರ್ ಎಂಬಾಕೆ 1896ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಿಂದ ಕೋಲೆಳೆದ ಕಪ್ಪು, ಚಮಚಗಳ ಅಳತೆ ಅಲ್ಲಿ ಮನೆಮಾತಾಯಿತು. ಅಲ್ಲಿನ ಕಪ್ಪು ಸುಮಾರು 240 ಮಿಲಿಲೀಟರ್. ಆಸ್ಟ್ರೇಲಿಯಾದ್ದು 250, ಜಪಾನಿನದು 200. ವಿದ್ಯುತ್ತಿನ ಅನ್ನದ ಪಾತ್ರೆಯ ಜೊತೆ ಬರುವ ಪುಟ್ಟ ಕಪ್ಪು ಸಾಮಾನ್ಯವಾಗಿ 180. ಅಡುಗೆಯ ಸಣ್ಣ ಚಮಚ 5 ಮಿಲಿಲೀಟರ್, ದೊಡ್ಡದು 15. ಒಟ್ಟಿನಲ್ಲಿ ನಮ್ಮ ಸೇರಿನ ಗೊಂದಲ ಹೊರದೇಶಗಳಿಗೂ ಹೊಸದಲ್ಲ. ಅದೇ ನೀರಿನ ಪರೀಕ್ಷೆಯನ್ನು ಕಪ್ಪಿಗೂ ಮಾಡಿದರೆ ಮುಗಿಯಿತು.

ಎರಡು ಎಚ್ಚರಿಕೆಗಳು

ತಕ್ಕಡಿಯೂ ಎಲ್ಲ ಕಾಲಕ್ಕೂ ಸತ್ಯ ಹೇಳುವುದಿಲ್ಲ. ನಮ್ಮ ಆಷಾಢದ ಮಳೆಯಲ್ಲಿ ಉಪ್ಪು, ಬೆಲ್ಲ ಗಾಳಿಯ ನೀರನ್ನು ಕುಡಿದು ಭಾರವಾಗುತ್ತವೆ. ಆಗ ತೂಗಿದ ಒಂದು ಕಿಲೋ ಉಪ್ಪಿನಲ್ಲಿ ಸ್ವಲ್ಪ ಪಾಲು ಬರೀ ನೀರು. ಕಾಫಿ ಮಾರುವಾಗ ತೇವಾಂಶ ನೋಡುವುದು ಇದಕ್ಕಾಗಿಯೇ ಅಲ್ಲವೇ? ಪಟ್ಟಿ ಮಾಡುವ ಕೆಲಸವನ್ನು ಬಿಸಿಲಿನ ತಿಂಗಳಲ್ಲಿ ಮಾಡಿ. ಉಪ್ಪಿನಕಾಯಿಯ ಉಪ್ಪನ್ನು ಒಂದು ದಿನ ಬಿಸಿಲಲ್ಲಿಟ್ಟೋ, ಬಾಣಲೆಯಲ್ಲಿ ಹುರಿದೋ ತೂಗಿ. ಹಿರಿಯರು ಉಪ್ಪನ್ನು ಹುರಿಯುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನೊಂದು ಮಾತು ಅಡಿಕೆ ತೋಟದವರಿಗೆ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಇದನ್ನು ಡಬ್ಬದಲ್ಲಿ, ಕರಟದಲ್ಲಿ ಅಂದಾಜಿನಿಂದ ಅಳೆಯುವವರು ಈಗಲೂ ಇದ್ದಾರೆ. ಉಪ್ಪಿನ ಹರಳಿಗೆ ಹೇಳಿದ್ದೇ ಮೈಲುತುತ್ತದ ಹರಳಿಗೂ ಅನ್ವಯಿಸುತ್ತದೆ, ತೂಗಿಯೇ ಹಾಕಬೇಕು. ಆದರೆ ಅಡುಗೆಮನೆಯ ಪಾವು, ತಕ್ಕಡಿಯನ್ನು ಮಾತ್ರ ಈ ಕೆಲಸಕ್ಕೆ ಎಂದೂ ಮುಟ್ಟಬೇಡಿ. ಔಷಧಕ್ಕೆ ಬೇರೆ ತಕ್ಕಡಿ, ಬೇರೆ ಪಾತ್ರೆ ಇರಲಿ, ಅದು ತೋಟದ ಮನೆಯಲ್ಲಿಯೇ ಇರಲಿ.

ಅಟ್ಟದ ಮೇಲಿನ ಹಿತ್ತಾಳೆ

ಹಳೆಯ ಪಾವು, ಸೇರುಗಳನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುತ್ತಿದ್ದಾರೆ. ಕೊಡಬೇಡಿ ಎಂದು ನಾವು ಹೇಳುವುದಿಲ್ಲ, ಅದು ನಿಮ್ಮ ಇಷ್ಟ. ಆದರೆ ಕೊಡುವ ಮೊದಲು ಒಮ್ಮೆ ನೀರು ತುಂಬಿ ತೂಗಿ, ಆ ಅಂಕಿಯನ್ನು ಅಜ್ಜಿಯ ಅಥವಾ ತಾಯಿಯ ಅಡುಗೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಪುಸ್ತಕ ಉಳಿದು ಸೇರು ಹೋದರೆ, ಅದರಲ್ಲಿ ಬರೆದದ್ದನ್ನು ಮುಂದಿನವರು ಓದಬಹುದೇ ಹೊರತು ಮಾಡಲಾರರು. ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ, ಯಾವುದನ್ನು ತೂಗುತ್ತಿದ್ದಿರಿ, ಯಾವುದನ್ನು ಅಳೆಯುತ್ತಿದ್ದಿರಿ, ಕೋಲೆಳೆಯುತ್ತಿದ್ದಿರೋ ತಲೆಗೂಡಿಸುತ್ತಿದ್ದಿರೋ ಎಂದು ಈಗಲೇ ಕೇಳಿ ಬರೆದುಕೊಳ್ಳಿ.

ನಾವು ಈ ವರ್ಷ ಮತ್ತೆ ಮಿಡಿ ಹಾಕಿದೆವು. ಐನೂರು ಸಿಗಲಿಲ್ಲ, ಇನ್ನೂರೈವತ್ತು ಸಿಕ್ಕಿತು. ಹುರಿದ ಕಲ್ಲುಪ್ಪು ಒಂದು ಕಿಲೋ ತೂಗಿ ಹಾಕಿದೆವು. ಮಳೆ ಹಿಡಿದು ತಿಂಗಳ ಮೇಲಾಯಿತು. ಮೊನ್ನೆ ಭರಣಿಯ ಬಾಯಿಬಟ್ಟೆ ಬಿಚ್ಚಿ ನೋಡಿದಾಗ ಮಿಡಿ ಸುರುಟಿ ಉಪ್ಪುನೀರಿನಲ್ಲಿ ಗಟ್ಟಿಯಾಗಿಯೇ ಇತ್ತು.

ಸದಸ್ಯರು ತಮ್ಮ ಮನೆಯ ಸೇರು, ಪಾವು, ಸಿದ್ದೆ, ಕುಡ್ತೆಗಳಿಗೆ ನೀರು ಎಷ್ಟು ಹಿಡಿಯಿತೆಂದು ಊರಿನ ಹೆಸರಿನೊಡನೆ ಬರೆದು ಸಂಘದ ಕಚೇರಿಗೆ ಮುಟ್ಟಿಸಿದರೆ, ಎಲ್ಲವನ್ನೂ ಸೇರಿಸಿ ಮುಂದಿನ ಸಂಚಿಕೆಯೊಂದರಲ್ಲಿ ಪಟ್ಟಿಯಾಗಿ ಕೊಡುತ್ತೇವೆ.